ಬಣ್ಣ ಬಳಿಯದೆ ಉಳಿದ ಮನೆ

ಮನೆ ಮಾರಾಟಕ್ಕಿದೆ ಎಂದು ತಿಳಿದು ನೋಡಲು ಬರುವವರ ಮಾತಿನಲ್ಲಿ ಎರಡು ಬಗೆ. ಹಾಲ್‌ನಲ್ಲಿ ಯಜಮಾನರ ಎದುರು ಕುಳಿತು ಆಡುವ ಮಾತು ಒಂದು. ಕೋಣೆಯಿಂದ ಕೋಣೆಗೆ ಹೋಗುತ್ತ ಗಂಡ ಹೆಂಡತಿ ತಮ್ಮತಮ್ಮಲ್ಲೇ ದನಿ ತಗ್ಗಿಸಿ ಆಡುವ ಮಾತು ಇನ್ನೊಂದು. 'ಈ ಗೋಡೆ ಒಡೆಸಿಬಿಡೋಣ', 'ಒಲೆ ಆ ಕಡೆ ಬರಬೇಕು', 'ಈ ಮರಕ್ಕೆಲ್ಲ ಒಂದು ಕೋಟ್ ಪೇಂಟ್ ಹೊಡೆಸಿದರೆ ಬೆಳಕಾಗುತ್ತೆ'. ಕಾಫಿ ಲೋಟಗಳನ್ನಿಟ್ಟ ತಟ್ಟೆ ಹಿಡಿದು ಬರುವ ಮನೆಯಾಕೆಯ ಕಿವಿಗೆ ಬೀಳುವುದು ಈ ಎರಡನೆಯ ಮಾತು. ಇಷ್ಟು ವರ್ಷ ಒರೆಸಿ, ಗುಡಿಸಿ, ಹಬ್ಬ ಮಾಡಿದ ಮನೆ ತನ್ನ ಕಣ್ಣೆದುರಿಗೇ ಬೇರೆಯವರದಾಗುವುದು ಆ ಗಳಿಗೆಯಲ್ಲಿ. ಪತ್ರ ನೋಂದಣಿಯಾಗುವುದು ಎಷ್ಟೋ ದಿನಗಳ ನಂತರ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪ್ಯಾಸಡೀನಾ ಎಂಬ ಊರಿನಲ್ಲಿ ಲೂಯಿಸ್ ಗ್ಯಾಂಬಲ್ ಎಂಬಾಕೆಗೂ ಇಂಥದೇ ಮಾತು ಕೇಳಿಸಿತಂತೆ. ಆಕೆ ಮತ್ತು ಆಕೆಯ ಗಂಡ ಸೆಸಿಲ್ ೧೯೪೬ರಲ್ಲಿ ಅತ್ತೆ ಮಾವ ಕಟ್ಟಿಸಿದ ಮನೆಗೆ ವಾಸಕ್ಕೆ ಬಂದಿದ್ದರು. ದೊಡ್ಡ ಮನೆ, ಹಳೆಯ ಕಾಲದ್ದು, ಒಳಗೆಲ್ಲ ಮರ. ಮಾರಿಬಿಡೋಣವೆಂದು ಒಮ್ಮೆ ಯೋಚಿಸಿದರು. ನೋಡಲು ಬಂದವರು ಒಳಗಿನ ಮರದ ಕೆಲಸಕ್ಕೆಲ್ಲ ಬಿಳಿ ಬಣ್ಣ ಬಳಿಸುವ ಮಾತಾಡಿಕೊಂಡರು. ಅದು ಮನೆಯವರ ಕಿವಿಗೆ ಬಿತ್ತು. ಮಾರಾಟದ ವಿಚಾರ ಅಲ್ಲಿಗೇ ಮುಗಿಯಿತು.

ಬಿಳಿ ಬಣ್ಣದಲ್ಲಿ ಅಂಥದೇನು ತಪ್ಪು ಎಂದು ಕೇಳಬಹುದು. ನಮ್ಮ ಮಲೆನಾಡಿನ ಹಳೆಯ ಮನೆಗಳ ತೊಟ್ಟಿಯ ಕಂಬಗಳನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಅಡಿಯಿಂದ ಬೋದಿಗೆಯವರೆಗೆ ಆಚಾರಿ ಕುಳಿತು ಕೆತ್ತಿದ ಹೂ ಬಳ್ಳಿಯ ಮೇಲೆ ಹಸಿರು ಎಣ್ಣೆ ಬಣ್ಣ, ಅದರ ಮೇಲೆ ಯಾವುದೋ ಮದುವೆಗೆಂದು ನೀಲಿ, ಅದರ ಮೇಲೆ ಇನ್ಯಾವುದೋ ಉಪನಯನಕ್ಕೆಂದು ಕಂದು. ಕೆತ್ತನೆಯ ಸಂದುಗಳೆಲ್ಲ ತುಂಬಿಹೋಗಿ ಹೂವು ಯಾವುದು ಎಲೆ ಯಾವುದು ತಿಳಿಯದು. ಬಳಿಸಿದವರಿಗೆ ಮನೆಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಮನೆ ಹೊಸದಾಗಿ ಕಾಣಲಿ ಎಂಬ ಆಸೆ, ಅಷ್ಟೆ. ಆದರೆ ಒಮ್ಮೆ ಬಳಿದ ಬಣ್ಣವನ್ನು ಮರದ ರಂಧ್ರದಿಂದ ತೆಗೆಯುವುದು ಬಳಿದಷ್ಟು ಸುಲಭವಲ್ಲ.

ಗ್ಯಾಂಬಲ್ ಎಂಬ ಹೆಸರು ನಮಗೆ ಹೊಸದಲ್ಲ. ಟೈಡ್, ಏರಿಯಲ್ ಪೊಟ್ಟಣಗಳ ಹಿಂದೆ ಸಣ್ಣಕ್ಷರದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂದಿರುತ್ತದಲ್ಲ, ಅದೇ ಗ್ಯಾಂಬಲ್. ಇಂಗ್ಲೆಂಡಿನಿಂದ ವಲಸೆ ಬಂದ ವಿಲಿಯಂ ಪ್ರಾಕ್ಟರ್ ಸಿನ್ಸಿನಾಟಿ ಎಂಬ ಊರಿನಲ್ಲಿ ಮೇಣದ ಬತ್ತಿ ಮಾಡುತ್ತಿದ್ದ. ಐರ್ಲೆಂಡಿನಿಂದ ಬಂದ ಜೇಮ್ಸ್ ಗ್ಯಾಂಬಲ್ ಅದೇ ಊರಿನಲ್ಲಿ ಸೋಪು ಮಾಡುತ್ತಿದ್ದ. ಇಬ್ಬರೂ ಮದುವೆಯಾದದ್ದು ನಾರಿಸ್ ಎಂಬ ಒಂದೇ ಮನೆಯ ಅಕ್ಕತಂಗಿಯರನ್ನು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಷಡ್ಡಕರು. ಬತ್ತಿಗೂ ಸೋಪಿಗೂ ಬೇಕಾದದ್ದು ಅದೇ ಪ್ರಾಣಿಗಳ ಕೊಬ್ಬು. ಬೇರೆ ಬೇರೆ ವ್ಯಾಪಾರ ಮಾಡುವ ಬದಲು ಕೂಡಿ ಮಾಡಿ ಎಂದು ಮಾವ ಹೇಳಿದ. ೧೮೩೭ರಲ್ಲಿ ಕಂಪನಿ ಹುಟ್ಟಿತು. ೧೮೭೯ರಲ್ಲಿ ಬಂದ ಐವರಿ ಎಂಬ ಬಿಳಿ ಸೋಪು ಅವರನ್ನು ಕುಬೇರರನ್ನಾಗಿ ಮಾಡಿತು. ಬಿಳುಪನ್ನು ಮಾರಿ ಬದುಕಿದ ಮನೆತನದ ಸೊಸೆ ತನ್ನ ಮನೆಗೆ ಬಿಳಿ ಬಣ್ಣ ಬೇಡವೆಂದದ್ದು ನನಗೆ ಸ್ವಲ್ಪ ತಮಾಷೆಯಾಗಿಯೂ ಕಾಣುತ್ತದೆ.

ಜೇಮ್ಸನ ಮಗ ಡೇವಿಡ್ ಬೆರ್ರಿ ಗ್ಯಾಂಬಲ್ ೧೮೯೫ರಲ್ಲಿ ಕಂಪನಿಯ ಕೆಲಸದಿಂದ ನಿವೃತ್ತನಾದ. ಹೆಂಡತಿ ಮೇರಿ, ಮೂವರು ಗಂಡುಮಕ್ಕಳು. ಮೇರಿಯ ತಂಗಿ ಜೂಲಿಯಾ ಹಗ್ಗಿನ್ಸ್ ಮದುವೆಯಾಗದೆ ಅಕ್ಕನ ಮನೆಯಲ್ಲೇ ಇದ್ದಳು. ಸಿನ್ಸಿನಾಟಿಯ ಚಳಿಗಾಲ ಕಠಿಣ. ಕೈಯಲ್ಲಿ ಹಣವಿದ್ದ ಅಲ್ಲಿನವರು ಆ ಕಾಲದಲ್ಲಿ ರೈಲು ಹತ್ತಿ ಪಶ್ಚಿಮದ ತುದಿಗೆ, ಕಿತ್ತಳೆ ತೋಟಗಳ ನಡುವಿನ ಪ್ಯಾಸಡೀನಾಕ್ಕೆ ಬಂದು ಚಳಿ ಕಳೆಯುತ್ತಿದ್ದರು. ಗ್ಯಾಂಬಲ್ ಸಂಸಾರವೂ ಹಾಗೆಯೇ ಬರುತ್ತ ಬರುತ್ತ ಒಂದು ಸ್ವಂತ ಮನೆ ಬೇಕೆಂದು ನಿರ್ಧರಿಸಿತು. ೧೯೦೮ರಲ್ಲಿ ಕಟ್ಟಲು ಹಿಡಿದ ಮನೆಗೆ ೧೯೦೯ರಲ್ಲಿ ಬಂದು ಸೇರಿದರು. ಡೇವಿಡ್ಡನಿಗೆ ಆಗ ಅರವತ್ತು ದಾಟಿತ್ತು. ಎಂದರೆ ಇದು ಮುಪ್ಪಿಗೆಂದು ಕಟ್ಟಿಸಿದ ಮನೆ.

ಕಟ್ಟಿದವರು ಚಾರ್ಲ್ಸ್ ಗ್ರೀನ್ ಮತ್ತು ಹೆನ್ರಿ ಗ್ರೀನ್ ಎಂಬ ಅಣ್ಣತಮ್ಮ. ಹುಡುಗರಾಗಿದ್ದಾಗ ಇಬ್ಬರೂ ಸೇಂಟ್ ಲೂಯಿ ನಗರದಲ್ಲಿ ಒಂದು ವಿಶೇಷ ಶಾಲೆಗೆ ಹೋದವರು. ಅಲ್ಲಿ ಪಾಠದ ಜೊತೆಗೆ ಮರಗೆಲಸ, ಲೋಹದ ಕೆಲಸ ಕೈಯಾರೆ ಕಲಿಯಬೇಕಿತ್ತು. ಆಮೇಲೆ ಬಾಸ್ಟನ್ನಿನ ದೊಡ್ಡ ತಾಂತ್ರಿಕ ಸಂಸ್ಥೆಯಲ್ಲಿ ವಾಸ್ತುಶಿಲ್ಪ ಓದಿದರು. ಅಲ್ಲಿ ಕಲಿಸಿದ್ದು ಗ್ರೀಕ್ ಕಂಬ, ರೋಮನ್ ಕಮಾನು. ಆದರೆ ಕೈ ಮೊದಲು ಕಲಿತದ್ದನ್ನು ತಲೆ ಮರೆಯಲಿಲ್ಲವೆಂದು ಕಾಣುತ್ತದೆ. ೧೮೯೩ರಲ್ಲಿ ಪ್ಯಾಸಡೀನಾದಲ್ಲಿದ್ದ ತಂದೆ ತಾಯಿಯನ್ನು ಸೇರಲು ಹೊರಟವರು ದಾರಿಯಲ್ಲಿ ಚಿಕಾಗೋದ ಜಾಗತಿಕ ಮೇಳ ನೋಡಿದರು. ಜಪಾನಿನ ಬಡಗಿಗಳು ಅಲ್ಲಿ ಕಟ್ಟಿದ್ದ ಮರದ ಮಂದಿರ ಅವರ ಕಣ್ಣಿಗೆ ಬಿತ್ತು. ಆ ಮೇಳ ನಮಗೆ ಬೇರೊಂದು ಕಾರಣಕ್ಕೆ ಗೊತ್ತು. ಅದರ ಅಂಗವಾಗಿ ಅದೇ ವರ್ಷ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ವಿವೇಕಾನಂದರು ಮಾತಾಡಿದ್ದು. ಏಳು ವರ್ಷ ಕಳೆದು, ೧೯೦೦ರ ಆರಂಭದಲ್ಲಿ, ವಿವೇಕಾನಂದರು ಪ್ಯಾಸಡೀನಾಕ್ಕೂ ಬಂದರು. ಅಲ್ಲಿ ಅವರಿಂದ ರಾಮಾಯಣ ಮಹಾಭಾರತದ ಕಥೆ ಹೇಳಿಸಿದ್ದು, ಭಾರತದ ಹೆಂಗಸರ ಬಗ್ಗೆ ಮಾತಾಡಿಸಿದ್ದು ಶೇಕ್ಸ್‌ಪಿಯರ್ ಕ್ಲಬ್ ಎಂಬ ಹೆಂಗಸರ ಸಂಘ. ಹಾಗಾಗಿ ಊರು ನಮಗೆ ತೀರ ಪರಕೀಯವೇನಲ್ಲ.

ಗ್ರೀನ್ ಸಹೋದರರು ಜಪಾನಿಗೆ ಎಂದೂ ಹೋದವರಲ್ಲ. ನೋಡಿದ್ದು ಆ ಮೇಳದ ಮಂದಿರ, ಓದಿದ್ದು ಜಪಾನಿನ ಮನೆಗಳ ಬಗ್ಗೆ ಬಂದ ಪುಸ್ತಕ. ಅದರ ಜೊತೆಗೆ ಆ ಕಾಲದ ಒಂದು ದೊಡ್ಡ ಗಾಳಿ ಅವರಿಗೂ ಬೀಸಿತ್ತು. ಇಂಗ್ಲೆಂಡಿನಲ್ಲಿ ಜಾನ್ ರಸ್ಕಿನ್, ವಿಲಿಯಂ ಮಾರಿಸ್ ಅವರು, ಕಾರ್ಖಾನೆಯ ಸರಕು ಮನುಷ್ಯನ ಕೈಯನ್ನೂ ಕಣ್ಣನ್ನೂ ಕೆಡಿಸುತ್ತಿದೆ, ಕಸುಬಿಗೆ ಮರ್ಯಾದೆ ಬರಬೇಕು ಎಂದು ಹೇಳುತ್ತ ಬಂದಿದ್ದರು. ನಮ್ಮಲ್ಲಿ ಗಾಂಧೀಜಿಯನ್ನು ತಟ್ಟಿದ್ದೂ ರಸ್ಕಿನ್ನನ ಬರಹವೇ. ಅಮೆರಿಕದಲ್ಲಿ ಈ ಮಾತನ್ನು ಮನೆಮನೆಗೆ ತಲುಪಿಸಿದ್ದು ಗುಸ್ತಾವ್ ಸ್ಟಿಕ್ಲಿ ಎಂಬ ಪೀಠೋಪಕರಣ ತಯಾರಕ ೧೯೦೧ರಲ್ಲಿ ಶುರು ಮಾಡಿದ ಪತ್ರಿಕೆ. ಅದರ ಹೆಸರು 'ದಿ ಕ್ರಾಫ್ಟ್ಸ್‌ಮನ್', ಅಂದರೆ ಕಸುಬುದಾರ. ಆ ಪತ್ರಿಕೆಯಿಂದಲೇ ಇಂಥ ಮನೆಗಳಿಗೆ ಕ್ರಾಫ್ಟ್ಸ್‌ಮನ್ ಮನೆ ಎಂಬ ಹೆಸರು ಬಂತು. ಅಗಲವಾದ ಸೂರು, ಮುಂದೆ ಜಗುಲಿ, ಮುಚ್ಚಿಡದ ತೊಲೆ ಜಂತೆ, ಬಣ್ಣವಿಲ್ಲದ ಮರ, ಗೋಡೆಗೇ ಕೂಡಿಸಿದ ಕಪಾಟು ಮತ್ತು ಆಸನ. ಕಟ್ಟಡ ಹೇಗೆ ನಿಂತಿದೆ ಎಂಬುದು ನೋಡುವವರ ಕಣ್ಣಿಗೆ ಕಾಣಬೇಕು. ಸಿದ್ಧಾಂತ ಇಷ್ಟೆ.

ಮತ್ತು ಅಂಥ ಚಿಕ್ಕ ಮನೆಗಳನ್ನು ಅಲ್ಲಿನವರು ಕರೆದದ್ದು ಬಂಗಲೋ ಎಂದು. ಬಂಗಾಳದ ಹಳ್ಳಿಗಳ ಹುಲ್ಲು ಹೊದಿಸಿದ, ಸೂರು ಇಳಿಬಿಟ್ಟ ಮನೆಯನ್ನು ಬ್ರಿಟಿಷರು 'ಬಾಂಗ್ಲಾ' ಎಂದು ಕೇಳಿ, ತಮ್ಮ ಸಾಹೇಬರಿಗೆಂದು ಅದೇ ಮಾದರಿಯಲ್ಲಿ ಸುತ್ತ ಜಗುಲಿಯ ಮನೆ ಕಟ್ಟಿಸಿಕೊಂಡರು. ನಮ್ಮ ಬೆಂಗಳೂರು ದಂಡಿನ ಹಳೆಯ ಬಂಗಲೆಗಳು, ಊರೂರಿನ ಟ್ರಾವೆಲರ್ಸ್ ಬಂಗಲೆಗಳು ಅದರ ಸಂತಾನ. ಆ ಹೆಸರೇ ಹಡಗು ಹತ್ತಿ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಯಿತು. ನಮ್ಮಲ್ಲಿ ಬಂಗಲೆ ಎಂದರೆ ಶ್ರೀಮಂತರ ಮನೆ. ಕ್ಯಾಲಿಫೋರ್ನಿಯಾದಲ್ಲಿ ಅದು ಗುಮಾಸ್ತರ, ಮೇಷ್ಟ್ರುಗಳ ಮನೆಯಾಯಿತು. ೧೯೦೮ರಿಂದ ೧೯೪೦ರವರೆಗೆ ಸಿಯರ್ಸ್ ಎಂಬ ಅಂಗಡಿ ಮನೆಯ ಭಾಗಗಳನ್ನೇ ಕ್ಯಾಟಲಾಗಿನಲ್ಲಿ ಮಾರುತ್ತಿತ್ತು. ಮರ, ಮೊಳೆ, ಬಾಗಿಲು ಎಲ್ಲ ರೈಲಿನಲ್ಲಿ ಬರುತ್ತಿದ್ದವು, ಜೋಡಿಸಿಕೊಂಡರಾಯಿತು. ಆಳುಕಾಳಿಲ್ಲದ ಹೆಂಗಸರಿಗೆ ಈ ಮನೆ ಹಿಡಿಸಿತು. ಒಂದೇ ಅಂತಸ್ತು, ಹತ್ತಿ ಇಳಿಯುವಂತಿಲ್ಲ. ಅಡುಗೆಮನೆ ಊಟದ ಕೋಣೆಗೆ ಅಂಟಿಕೊಂಡೇ ಇತ್ತು. ಧೂಳು ಕೂರುವ ಕುಸುರಿ ಅಲಂಕಾರ ಕಡಿಮೆ.

ಗ್ಯಾಂಬಲ್ ಮನೆ ಆ ಬಗೆಯದಲ್ಲ. ಮೂರು ಅಂತಸ್ತು, ಸುಮಾರು ಎಂಟು ಸಾವಿರ ಚದರ ಅಡಿ. ವಿದ್ವಾಂಸರು ಇದನ್ನೂ ಇದರ ಓರಗೆಯ ಕೆಲವು ಮನೆಗಳನ್ನೂ 'ಪರಮ ಬಂಗಲೆ'ಗಳೆಂದು ಕರೆದಿದ್ದಾರೆ. ಸರಳ ಬದುಕಿನ ತತ್ವವನ್ನು ಇಷ್ಟು ದುಬಾರಿಯಾಗಿ ಕಟ್ಟಿಸಿಕೊಂಡವರು ಕಡಿಮೆ ಎಂದು ನನಗೆ ನಗು ಬರುತ್ತದೆ. ಆದರೆ ಕೆಲಸ ನೋಡಿದ ಮೇಲೆ ನಗು ಹಾಗೇ ನಿಲ್ಲುವುದಿಲ್ಲ.

ಹೊರಗಿನಿಂದ ಅದು ಮಾಸಲು ಹಸಿರಿನ ಮನೆ. ಗೋಡೆಗೆ ಮರದ ಸೀಳುಗಳನ್ನು ಒಂದರ ಮೇಲೊಂದು ಹೊದಿಸಿದ್ದಾರೆ. ಸೂರು ಎಷ್ಟು ಮುಂದೆ ಚಾಚಿದೆಯೆಂದರೆ ಬಿಸಿಲಿನ ಊರಿನಲ್ಲಿ ಮನೆಯೇ ತನಗೆ ಕೊಡೆ ಹಿಡಿದುಕೊಂಡ ಹಾಗೆ. ಜಂತೆಗಳ ತುದಿ ಮಾತ್ರ ಸೂರನ್ನೂ ದಾಟಿ ಹೊರಗೆ ಇಣುಕುತ್ತವೆ. ನೋಟಕ್ಕೆ ಬಹಳ ಚೆಂದ. ಆದರೆ ನಮ್ಮ ಕಡೆಯ ಆಚಾರಿಗಳು ನೋಡಿದ್ದರೆ, ಮಳೆ ಬಿಸಿಲಿಗೆ ಮರದ ತಲೆ ಒಡ್ಡುವುದೇ ಎಂದು ತಲೆ ಕೊಡವುತ್ತಿದ್ದರು. ಅವರ ಮಾತೇ ನಿಜವಾಯಿತು. ಆ ತುದಿಗಳು ಕಾಲ ಕಳೆದಂತೆ ಕೊಳೆಯತೊಡಗಿದವು, ೨೦೦೩-೦೪ರಲ್ಲಿ ಇಡೀ ಹೊರಮೈಯ ದುರಸ್ತಿ ಮಾಡಬೇಕಾಯಿತು. ತಗ್ಗು ಗೋಡೆಗಳಿಗೆ ಬಳಸಿದ ಇಟ್ಟಿಗೆಯೂ ವಿಶೇಷ. ಗೂಡಿನಲ್ಲಿ ಬೆಂಕಿಗೆ ತೀರ ಹತ್ತಿರ ಸಿಕ್ಕಿ ಕರಿಕಾಗಿ ಸೊಟ್ಟಗಾದ ಇಟ್ಟಿಗೆಗಳನ್ನು ಎಲ್ಲರೂ ಎಸೆಯುತ್ತಾರೆ. ಇವರು ಅದನ್ನೇ ಹುಡುಕಿ ತಂದು ಉರುಟು ಕಲ್ಲುಗಳ ಜೊತೆ ಕಟ್ಟಿದರು.

ಮುಂಬಾಗಿಲಲ್ಲಿ ಬಣ್ಣದ ಗಾಜಿನ ಒಂದು ಮರ. ಮೂರು ಬಾಗಿಲುಗಳ ಉದ್ದಕ್ಕೂ ಗಂಟುಗಂಟಾದ ಓಕ್ ಮರ ಕೊಂಬೆ ಚಾಚಿಕೊಂಡಿದೆ. ಹೊರಗಿನ ಬೆಳಕು ಅದರ ಎಲೆಗಳ ಮೂಲಕ ಒಳಗೆ ಬಂದು ತೇಗದ ನಡುಮನೆಗೆ ಜೇನಿನ ಬಣ್ಣ ಕೊಡುತ್ತದೆ. ಗಾಜಿನ ಕೆಲಸ ಎಮಿಲ್ ಲ್ಯಾಂಗೆಯದು, ಮರದ ಕೆಲಸ ಸ್ವೀಡನ್ ಮೂಲದ ಪೀಟರ್ ಮತ್ತು ಜಾನ್ ಹಾಲ್ ಸಹೋದರರ ತಂಡದ್ದು. ಮನೆಗೆ ಅವರ ಹೆಸರಿಲ್ಲ, ಗ್ರೀನ್ ಸಹೋದರರ ಹೆಸರೂ ಇಲ್ಲ, ಸೋಪಿನ ಹೆಸರಿದೆ. ಇದು ಎಲ್ಲ ದೇಶದ ರೂಢಿ.

ಒಳಗೆ ಚೂಪು ಮೂಲೆ ಕಾಣಸಿಗುವುದಿಲ್ಲ. ತೊಲೆಯ ಅಂಚು, ಮೆಟ್ಟಿಲ ಕೈಪಿಡಿ, ಕುರ್ಚಿಯ ಕಾಲು ಎಲ್ಲವನ್ನೂ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾರೆ. ವರ್ಷಗಟ್ಟಲೆ ಕೈಯಾಡಿ ನಯವಾದ ಲಟ್ಟಣಿಗೆಯ ಹಾಗೆ, ಹೊಸತರಲ್ಲೇ. ಮೆಟ್ಟಿಲುಗಳಲ್ಲಿ ಒಂದು ಮರ ಇನ್ನೊಂದು ಮರವನ್ನು ಬೆರಳಿಗೆ ಬೆರಳು ಕೊಟ್ಟು ಹಿಡಿದುಕೊಂಡಿದೆ. ಇಡೀ ಮನೆಯಲ್ಲಿ ಒಂದು ಮೊಳೆಯೂ ಇಲ್ಲ ಎಂದು ಇಂಥ ಮನೆಗಳ ಬಗ್ಗೆ ಹೇಳುವುದುಂಟು. ನಮ್ಮ ಕಡೆಯ ಹಳೆಯ ಮನೆ, ದೇವಸ್ಥಾನಗಳ ಬಗ್ಗೆಯೂ ಹೇಳುತ್ತಾರೆ. ನಿಜ ಸಂಗತಿ ಅದಕ್ಕಿಂತ ಸ್ವಾರಸ್ಯವಾಗಿದೆ. ಪೀಠೋಪಕರಣಗಳ ಮೇಲೆ ಅಲಂಕಾರದಂತೆ ಕಾಣುವ ಚೌಕನೆಯ ಕರಿಮರದ ಬಿಲ್ಲೆಗಳ ಕೆಳಗೆ ಹಿತ್ತಾಳೆ ಸ್ಕ್ರೂಗಳಿವೆ. ಆ ಸ್ಕ್ರೂ ಕೂರುವ ರಂಧ್ರವನ್ನು ಸ್ವಲ್ಪ ಉದ್ದಕ್ಕೆ ಕೊರೆದಿದ್ದಾರೆ. ಮರ ಒಣಗಿದಾಗ ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ಬಿಗಿ ಹಿಡಿದರೆ ಸೀಳುತ್ತದೆ, ಅದಕ್ಕೆ ಅತ್ತಿತ್ತ ಸರಿಯಲು ಜಾಗ. ಎಲ್ಲವೂ ಕೈಯಲ್ಲೇ ಆದದ್ದೂ ಅಲ್ಲ. ಹಾಲ್ ಸಹೋದರರ ಕಾರ್ಖಾನೆಯಲ್ಲಿ ಯಂತ್ರಗಳಿದ್ದವು. ಒರಟು ಕೆಲಸ ಯಂತ್ರದ್ದು, ಕೊನೆಯ ಕೆಲಸ ಕೈಯದು.

ದೀಪ, ನೆಲಹಾಸು, ಕುರ್ಚಿ ಮೇಜು, ವಿದ್ಯುತ್ ಸ್ವಿಚ್ಚಿನ ಹಲಗೆ, ಎಲ್ಲವನ್ನೂ ಈ ಮನೆಗೆಂದೇ ರೂಪಿಸಿದರು. ಕೂಡುವ ಕೋಣೆಯಲ್ಲಿ ಬೆಂಕಿಗೂಡಿನ ಎರಡೂ ಪಕ್ಕ ಗೋಡೆಗೆ ಹೊಂದಿಸಿದ ಬೆಂಚುಗಳು. ಇಬ್ಬರು ಎದುರುಬದುರು ಕುಳಿತು ಕಾಲು ಚಾಚಿ ಮಾತಾಡಲು ಅಷ್ಟೇ ಜಾಗ. ಮೇಲೆ ಗೋಡೆಯುದ್ದಕ್ಕೂ ಕೆತ್ತಿದ ಮರದ ಪಟ್ಟಿಯಲ್ಲಿ ಹಕ್ಕಿ, ಹೂವು, ಬಾವಲಿ. ಮಹಡಿಯ ಮಲಗುವ ಕೋಣೆಗಳ ಹೊರಗೆ ತೆರೆದ ಜಗುಲಿಗಳಿವೆ. ಕೂರುವುದಕ್ಕಲ್ಲ, ರಾತ್ರಿ ಮಲಗುವುದಕ್ಕೆ. ಕ್ಷಯದ ಭಯವಿದ್ದ ಕಾಲ ಅದು, ಬಯಲ ಗಾಳಿಯಲ್ಲಿ ಮಲಗಿದರೆ ಆರೋಗ್ಯವೆಂದು ವೈದ್ಯರು ಹೇಳುತ್ತಿದ್ದರು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಬೆಳೆದ ನಮಗೆ ಅದಕ್ಕೆ ಡಾಕ್ಟರ ಚೀಟಿ ಬೇಕಿರಲಿಲ್ಲ. ಮೂರನೆಯ ಅಂತಸ್ತನ್ನು ಬಿಲಿಯರ್ಡ್ಸ್ ಆಟಕ್ಕೆಂದು ಯೋಜಿಸಿದ್ದರು. ಗ್ಯಾಂಬಲ್ ಸಂಸಾರ ಅದನ್ನು ಅಟ್ಟವಾಗಿ ಬಳಸಿತು. ವಾಸ್ತುಶಿಲ್ಪಿ ಏನೇ ಬರೆದುಕೊಡಲಿ, ಸಾಮಾನು ತುಂಬುವವರ ಲೆಕ್ಕ ಬೇರೆ.

ನನಗೆ ಬಹಳ ಹಿಡಿಸಿದ್ದು ಅಡುಗೆಮನೆ. ಯಜಮಾನಿ ಕಾಲಿಡುವ ಅಗತ್ಯವಿಲ್ಲದ, ಕೆಲಸದವರಿಗೆಂದೇ ಮಾಡಿದ ಕೋಣೆ ಅದು. ಅಂಥ ಕಡೆ ಒರಟು ಕೆಲಸ ಸಾಕೆಂದು ಬಿಡಬಹುದಿತ್ತು, ಬಿಟ್ಟಿಲ್ಲ. ತಿಳಿ ಬಣ್ಣದ ಮೇಪಲ್ ಮರ, ಅದೇ ಬೆರಳಿಗೆ ಬೆರಳು ಕೊಟ್ಟ ಜೋಡಣೆ. ನಡುವೆ ಒಂದು ದೊಡ್ಡ ಮೇಜು. ಅದರ ಡ್ರಾಯರುಗಳು ಎರಡೂ ಕಡೆಯಿಂದ ತೆರೆದುಕೊಳ್ಳುತ್ತವೆ. ಆ ಪಕ್ಕದಲ್ಲಿ ಹಿಟ್ಟು ನಾದುವವಳಿಗೂ ಈ ಪಕ್ಕದಲ್ಲಿ ತರಕಾರಿ ಹೆಚ್ಚುವವಳಿಗೂ ಒಂದೇ ಚಮಚದ ಡ್ರಾಯರು, ಸುತ್ತಿ ಬರಬೇಕಿಲ್ಲ. ಈ ಮೇಜನ್ನು ಬರೆದವನು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತಾದರೂ ಸುಮ್ಮನೆ ನಿಂತು ನೋಡಿರಬೇಕು.

ತೇಗದ ಮಾತಿಗೆ ಬರುತ್ತೇನೆ. ನಡುಮನೆಯ ತೇಗ ಬರ್ಮಾದ್ದು. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ೧೮೮೫ರಲ್ಲಿ ಬ್ರಿಟಿಷರು ಮ್ಯಾಂಡಲೆಯ ರಾಜನ ಮೇಲೆ ದಂಡೆತ್ತಿ ಹೋಗಲು ಸಿಕ್ಕಿದ ನೆಪವೇ ಬಾಂಬೆ ಬರ್ಮಾ ಎಂಬ ಕಂಪನಿಗೂ ರಾಜನಿಗೂ ಎದ್ದ ತೇಗದ ಜಗಳ. ರಾಜ ಗಡೀಪಾರಾಗಿ ರತ್ನಗಿರಿಗೆ ಬಂದ, ಕಾಡು ಕಂಪನಿಯವರ ಪಾಲಾಯಿತು. ಆನೆ ಎಳೆದು, ನದಿಯಲ್ಲಿ ತೇಲಿಬಂದ ಮರ ಜಗತ್ತಿನ ಬಂದರುಗಳಿಗೆ ಹೋಯಿತು. ಕಸುಬಿನ ಮರ್ಯಾದೆಯ ಬಗ್ಗೆ ಅಷ್ಟು ಯೋಚಿಸಿದವರು ಮರ ಎಲ್ಲಿಂದ ಬಂತೆಂದು ಯೋಚಿಸಿದರೋ ಎಂದು ಕೇಳಬೇಕೆನ್ನಿಸುತ್ತದೆ. ಹಾಗೆ ಕೇಳಿದರೂ ಅದರ ನುಣುಪು ನನ್ನನ್ನು ಹಿಡಿದು ನಿಲ್ಲಿಸುವುದು ತಪ್ಪುವುದಿಲ್ಲ. ಎರಡೂ ನಿಜ.

ಇದೇ ಎಳೆಯಲ್ಲಿ ಇನ್ನೊಂದು ನೆನಪು. ೧೯೦೯ರ ಆರಂಭದಲ್ಲಿ ಇಂಗ್ಲೆಂಡಿನಿಂದ ಸಿ. ಆರ್. ಆಶ್‌ಬೀ ಪ್ಯಾಸಡೀನಾಕ್ಕೆ ಬಂದು ಚಾರ್ಲ್ಸ್ ಗ್ರೀನನ ಕೆಲಸ ನೋಡಿ ಮೆಚ್ಚಿ ಬರೆದುಕೊಂಡ. ಈ ಆಶ್‌ಬೀಯೇ ಕೆಲವು ವರ್ಷ ಮುಂಚೆ ಆನಂದ ಕುಮಾರಸ್ವಾಮಿಯವರಿಗಾಗಿ ಇಂಗ್ಲೆಂಡಿನ ಒಂದು ಪಾಳು ಪ್ರಾರ್ಥನಾ ಮಂದಿರವನ್ನು ಮನೆಯಾಗಿ ಮಾಡಿಕೊಟ್ಟವನು. ಸಿಂಹಳದ ಕಸುಬುಗಳ ಬಗ್ಗೆ ಕುಮಾರಸ್ವಾಮಿಯವರು ಬರೆದ ದೊಡ್ಡ ಗ್ರಂಥ ೧೯೦೮ರಲ್ಲಿ ಅಚ್ಚಾದದ್ದು ಮಾರಿಸ್ ಬಳಸುತ್ತಿದ್ದ ಮುದ್ರಣ ಯಂತ್ರದಲ್ಲಿ. ಪ್ಯಾಸಡೀನಾದಲ್ಲಿ ತೇಗಕ್ಕೆ ಉಜ್ಜು ಹಾಕುತ್ತಿದ್ದ ವರ್ಷ ಅದು.

ಮನೆ ಕಟ್ಟುತ್ತಿದ್ದಾಗ ಯಜಮಾನರು ಊರಲ್ಲಿರಲಿಲ್ಲ. ಏಷ್ಯಾ ಪ್ರವಾಸದಲ್ಲಿದ್ದರು. ಮನೆ ಕಟ್ಟುವ ಹೊತ್ತಿಗೆ ದಿನಕ್ಕೆರಡು ಸಲ ಹೋಗಿ ಮೇಸ್ತ್ರಿಯೊಂದಿಗೆ ಜಗಳವಾಡುವ ನಮಗೆ ಇದು ಅರ್ಥವಾಗದ ನಂಬಿಕೆ. ಆ ಪ್ರವಾಸದಲ್ಲಿ ಜೊತೆಗಿದ್ದ ಎರಡನೆಯ ಮಗ ಸಿಡ್ನಿಗೆ ಹದಿನೆಂಟು ವರ್ಷ. ಅವನು ಚೀನಾವನ್ನು ಮರೆಯಲಿಲ್ಲ. ೧೯೩೨ರವರೆಗೆ ಮತ್ತೆ ಮೂರು ಸಲ ಹೋಗಿ ವರ್ಷಗಟ್ಟಲೆ ಇದ್ದ. ಸೋಪಿನ ವ್ಯಾಪಾರಕ್ಕಲ್ಲ. ಪೀಕಿಂಗಿನ ಬಡವರ ಸಂಬಳ, ಮನೆ ಬಾಡಿಗೆ, ಮದುವೆ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿದ, ಸಾವಿರಾರು ಫೋಟೋ ತೆಗೆದ. ೧೯೧೯ರ ವಿದ್ಯಾರ್ಥಿ ಚಳವಳಿಯ ಹುಡುಗರು ಬೀದಿಯಲ್ಲಿ ಭಾಷಣ ಮಾಡುತ್ತಿರುವ ಚಿತ್ರಗಳೂ ಅವುಗಳಲ್ಲಿವೆ. ಅವನು ತೀರಿಕೊಂಡದ್ದು ೧೯೬೮ರಲ್ಲಿ. ಮರದ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದ ನೆಗೆಟಿವ್‌ಗಳು ಮಗಳ ಕೈಗೆ ಸಿಕ್ಕಿದ್ದು ೧೯೮೪ರಲ್ಲಿ.

ಕಿರಿಯ ಮಗ ಕ್ಲಾರೆನ್ಸ್ ವೈದ್ಯನಾದ, ಬದುಕನ್ನೆಲ್ಲ ಸಂತಾನ ನಿಯಂತ್ರಣದ ಪ್ರಚಾರಕ್ಕೆ ಕೊಟ್ಟ. ೧೯೫೭ರಲ್ಲಿ ಅವನು ಕಟ್ಟಿದ ಪಾಥ್‌ಫೈಂಡರ್ ಸಂಸ್ಥೆ ಬಡ ದೇಶಗಳಲ್ಲೆಲ್ಲ ಕೆಲಸ ಮಾಡಿತು. ಹೆಂಗಸರಿಗೆ ಆಯ್ಕೆ ಸಿಗಬೇಕೆಂದು ದುಡಿದ ಅದೇ ಮನುಷ್ಯ, 'ಯೋಗ್ಯರಲ್ಲದವರು' ಹೆರಬಾರದೆಂದು ಶಸ್ತ್ರಚಿಕಿತ್ಸೆ ಮಾಡಿಸುವ ಉತ್ತರ ಕೆರೊಲಿನಾದ ಚಳವಳಿಗೂ ೧೯೪೭ರಲ್ಲಿ ಹಣ, ಹುಮ್ಮಸ್ಸು ಎರಡನ್ನೂ ಸುರಿದ. ಆ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಬಡ ಹೆಂಗಸರೇ ಹೆಚ್ಚು. ಮನೆಯ ಮೂಲೆಗಳನ್ನೆಲ್ಲ ದುಂಡಗೆ ಮಾಡಬಹುದು, ಅದರಲ್ಲಿ ಬೆಳೆದ ಮಕ್ಕಳನ್ನಲ್ಲ.

ಗಂಡು ಮಕ್ಕಳ ಕಥೆ ಹೀಗೆ ಜಗತ್ತಿನ ತುಂಬ ಹರಡಿಕೊಂಡಿದ್ದರೆ ಮನೆಯೊಳಗೆ ಉಳಿದ ಕಥೆ ಜೂಲಿಯಾ ಚಿಕ್ಕಮ್ಮನದು. ಭಾವ ಡೇವಿಡ್ ೧೯೨೩ರಲ್ಲಿ ತೀರಿಕೊಂಡ. ಅಕ್ಕ ಮೇರಿ ೧೯೨೯ರಲ್ಲಿ. ಆಮೇಲೆ ೧೯೪೩ರಲ್ಲಿ ತಾನು ಕಣ್ಣು ಮುಚ್ಚುವವರೆಗೆ, ಹದಿನಾಲ್ಕು ವರ್ಷ, ಜೂಲಿಯಾ ಆ ಮನೆಯಲ್ಲೇ ಇದ್ದಳು. ಮದುವೆಯಾಗದ ಹೆಣ್ಣಿಗೆ ಅಕ್ಕನ ಮನೆಯೇ ಮನೆ ಎಂಬುದು ನಮಗೆ ವಿವರಿಸಬೇಕಾದ ಸಂಗತಿಯಲ್ಲ. ಅವಳ ಸ್ವಂತ ಕೋಣೆಯನ್ನು ವಾಸ್ತುಶಿಲ್ಪಿಗಳು ಮೊದಲ ನಕ್ಷೆಯಲ್ಲೇ ಇಟ್ಟಿದ್ದರು ಎಂಬುದು ಮಾತ್ರ ಎಲ್ಲರ ಭಾಗ್ಯವಲ್ಲ. ಈಗಲೂ ಅದನ್ನು ತೋರಿಸುವವರು ಚಿಕ್ಕಮ್ಮನ ಕೋಣೆ ಎಂದೇ ತೋರಿಸುತ್ತಾರೆ. ಆ ಹದಿನಾಲ್ಕು ವರ್ಷದಲ್ಲೇ ಊರಿನ ಅಭಿರುಚಿ ಪೂರ್ತಿ ಬದಲಾಗಿತ್ತು. ಸ್ಪೇನಿನ ಮಾದರಿಯ ಬಿಳಿ ಗೋಡೆ, ಕೆಂಪು ಹೆಂಚಿನ ಮನೆಗಳಿಗೆ ಜನ ಮರುಳಾಗಿದ್ದರು. ಮರದ ಮನೆ ಕತ್ತಲೆಯ ಮನೆ ಎನ್ನಿಸಿಕೊಂಡಿತು. ಗ್ರೀನ್ ಸಹೋದರರಿಗೆ ಕೆಲಸ ಕಡಿಮೆಯಾಗಿ ಚಾರ್ಲ್ಸ್ ೧೯೧೬ರಲ್ಲೇ ಕಾರ್ಮೆಲ್ ಎಂಬ ಊರಿಗೆ ಹೊರಟುಹೋಗಿದ್ದ, ೧೯೨೨ರಲ್ಲಿ ಅವರ ಪಾಲುದಾರಿಕೆಯೂ ಮುಗಿದಿತ್ತು. ಇಂಥ ಕಾಲದಲ್ಲಿ ವಯಸ್ಸಾದ ಒಬ್ಬ ಹೆಂಗಸು ಕುರ್ಚಿ ಇದ್ದಲ್ಲಿಯೇ, ದೀಪ ಇದ್ದಲ್ಲಿಯೇ ಇರಲು ಬಿಟ್ಟು ಬದುಕಿದಳು. ಸಂರಕ್ಷಣೆ ಎಂಬ ದೊಡ್ಡ ಮಾತು ಅದಕ್ಕೆ ಆಗ ಇರಲಿಲ್ಲ. ಅವಳು ಮನೆಯಲ್ಲಿ ಇದ್ದಳು, ಅಷ್ಟೆ.

ಮರೆತುಹೋಗಿದ್ದ ಗ್ರೀನ್ ಸಹೋದರರನ್ನು ಮತ್ತೆ ಹುಡುಕಿದ್ದೂ ಒಬ್ಬ ಹೆಂಗಸೇ. ಜೀನ್ ಮರ್ರೆ ಬ್ಯಾಂಗ್ಸ್ ಎಂಬ ಬರಹಗಾರ್ತಿ ಆ ಹಳೆಯ ಮನೆಗಳ ಜಾಡು ಹಿಡಿದು, ಮುದುಕರಾಗಿದ್ದ ಅಣ್ಣತಮ್ಮಂದಿರನ್ನು ಕಂಡು ಮಾತಾಡಿಸಿ, ೧೯೪೮ರಲ್ಲಿ ವಾಸ್ತುಶಿಲ್ಪದ ಪತ್ರಿಕೆಯಲ್ಲಿ ಬರೆದಳು. ೧೯೫೨ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಇಬ್ಬರಿಗೂ ಗೌರವ ಸಲ್ಲಿಸಿತು. ಎರಡೇ ವರ್ಷಕ್ಕೆ ಹೆನ್ರಿ ತೀರಿಕೊಂಡ, ೧೯೫೭ರಲ್ಲಿ ಚಾರ್ಲ್ಸ್.

ಬಿಳಿ ಬಣ್ಣದ ಮಾತು ಕೇಳಿ ಬಾಗಿಲು ಹಾಕಿಕೊಂಡ ಗ್ಯಾಂಬಲ್ ಮನೆತನ ೧೯೬೬ರಲ್ಲಿ, ಪೀಠೋಪಕರಣಗಳ ಸಮೇತ, ಮನೆಯನ್ನು ಪ್ಯಾಸಡೀನಾ ನ‌ಗರಕ್ಕೆ ಒಪ್ಪಿಸಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗ ಅದನ್ನು ನೋಡಿಕೊಳ್ಳುವ ಹೊಣೆ ಹೊತ್ತಿತು. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು ವರ್ಷಪೂರ್ತಿ ಅಲ್ಲೇ ವಾಸಿಸುವ ಪದ್ಧತಿ ಬೆಳೆಯಿತು. ೧೯೭೭ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ೧೯೮೫ರ 'ಬ್ಯಾಕ್ ಟು ದಿ ಫ್ಯೂಚರ್' ಸಿನಿಮಾ ನೋಡಿದ ಮಕ್ಕಳಿಗೆ ಮಾತ್ರ ಅದು ತಲೆಕೆದರಿದ ವಿಜ್ಞಾನಿಯ ಮನೆ.

ಆ ಸಿನಿಮಾದಲ್ಲಿ ಹೊರಗಿನ ನೋಟ ಗ್ಯಾಂಬಲ್ ಮನೆಯದಾದರೆ ಒಳಗಿನ ನೋಟ ಅದೇ ಊರಿನ, ಅದೇ ಗ್ರೀನ್ ಸಹೋದರರ ಬ್ಲ್ಯಾಕರ್ ಮನೆಯದು. ಆ ಮನೆಗೆ ಬಿಳಿ ಬಣ್ಣಕ್ಕಿಂತ ಕೆಟ್ಟದ್ದು ಆಯಿತು. ಅದೇ ೧೯೮೫ರಲ್ಲಿ ಟೆಕ್ಸಾಸಿನಿಂದ ಬಂದ ಒಬ್ಬ ಅದನ್ನು ಕೊಂಡ. ವಾಸಕ್ಕೆಂದು ಎಲ್ಲರೂ ತಿಳಿದರು. ಕೆಲವೇ ದಿನಗಳಲ್ಲಿ ದೀಪಗಳು, ಬಣ್ಣದ ಗಾಜಿನ ಬಾಗಿಲುಗಳು ಕಳಚಿಕೊಂಡು ಹೋದವು. ಬಿಡಿಬಿಡಿಯಾಗಿ ಮಾರಿದರೆ ಇಡೀ ಮನೆಗಿಂತ ಹೆಚ್ಚು ಬೆಲೆ. ಜನ ಸಿಟ್ಟಿಗೆದ್ದು, ನಗರಸಭೆ ಇಂಥ ಮನೆಗಳ ಭಾಗಗಳನ್ನು ಹೇಳದೆ ಕೇಳದೆ ಕೀಳಬಾರದೆಂದು ಕಾನೂನು ಮಾಡುವ ಹೊತ್ತಿಗೆ ದೀಪಗಳು ಹೊರಟುಹೋಗಿದ್ದವು. ೧೯೯೦ರ ದಶಕದಲ್ಲಿ ಕೊಂಡ ಹೊಸ ಒಡೆಯರು ವರ್ಷಗಟ್ಟಲೆ ಶ್ರಮಪಟ್ಟು ನಕಲು ದೀಪಗಳನ್ನು ಮಾಡಿಸಿ ತೂಗುಹಾಕಿದ್ದಾರೆ. ಚೆಟ್ಟಿನಾಡಿನ ಮನೆಗಳ ಕಂಬ, ಮಲೆನಾಡಿನ ಮನೆಗಳ ಮುಂಬಾಗಿಲು ದೊಡ್ಡ ನಗರಗಳ ಹೋಟೆಲುಗಳಲ್ಲಿ ನಿಂತಿರುವುದನ್ನು ನೋಡಿದವರಿಗೆ ಈ ವ್ಯಾಪಾರ ಅಪರಿಚಿತವಲ್ಲ.

ಮರದ ಮನೆಗೆ ಇನ್ನೊಂದು ಭಯ ಯಾವಾಗಲೂ ಇದ್ದೇ ಇದೆ. ೨೦೨೫ರ ಜನವರಿ ೭ರಂದು ಪ್ಯಾಸಡೀನಾದ ಉತ್ತರದ ಬೆಟ್ಟದ ಬುಡದಲ್ಲಿ ಹೊತ್ತಿದ ಬೆಂಕಿ ಬಿರುಗಾಳಿಯೊಂದಿಗೆ ಪಕ್ಕದ ಆಲ್ಟಡೀನಾ ಊರಿಗೆ ನುಗ್ಗಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು, ಹಲವರು ಪ್ರಾಣ ಕಳೆದುಕೊಂಡರು. ಗ್ಯಾಂಬಲ್ ಮನೆ ಉಳಿಯಿತು. ಸುಟ್ಟುಹೋದವುಗಳಲ್ಲಿ ಆ ಕಾಲದ ಚಿಕ್ಕ ಚಿಕ್ಕ ಬಂಗಲೆಗಳು ಬಹಳ. ತೊಲೆ, ಜಗುಲಿ, ಕಪಾಟು ಎಲ್ಲ ಬೂದಿಯಾಗಿ ಚಿಮಣಿಗಳು ಮಾತ್ರ ಸಾಲಾಗಿ ನಿಂತಿದ್ದವು. ಆ ಚಿಮಣಿಗಳ ಬುಡದ ಬೆಂಕಿಗೂಡುಗಳಿಗೆ ಅಂಟಿಸಿದ್ದ ಬಿಲ್ಲೆಗಳಲ್ಲಿ ಎಷ್ಟೋ ಅರ್ನೆಸ್ಟ್ ಬ್ಯಾಚೆಲ್ಡರ್ ಎಂಬ ಕುಶಲಕರ್ಮಿಯ ಕೆಲಸ. ಗ್ಯಾಂಬಲ್ ಮನೆ ಎದ್ದ ಕಾಲದಲ್ಲೇ ಪ್ಯಾಸಡೀನಾದ ತನ್ನ ಹಿತ್ತಲಿನಲ್ಲಿ ಗೂಡು ಹೂಡಿ ಮಣ್ಣಿನ ಬಿಲ್ಲೆ ಸುಡಲು ಶುರು ಮಾಡಿದವನು ಅವನು. ಒಮ್ಮೆ ಬೆಂದ ಮಣ್ಣು ಎರಡನೆಯ ಬೆಂಕಿಯನ್ನೂ ತಡೆದುಕೊಂಡಿತ್ತು. ಚಿಮಣಿಗಳನ್ನು ಕೆಡವಿ ಹಾಕುವ ಮುಂಚೆ ಊರಿನ ಸ್ವಯಂಸೇವಕರು, ಗಾರೆ ಕೆಲಸದವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೂದಿಯ ನಡುವೆ ಕುಳಿತು ಉಳಿಯಿಂದ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿದರು. ಪೆಟ್ಟಿಗೆಗಳಲ್ಲಿ ತುಂಬಿ, ಮೇಲೆ ಆಯಾ ಮನೆಯ ವಿಳಾಸ ಬರೆದು, ಮತ್ತೆ ಮನೆ ಕಟ್ಟಿಸಿದಾಗ ಬೇಕಾಗುತ್ತದೆಂದು ಮನೆಯವರಿಗಾಗಿ ತೆಗೆದಿಟ್ಟರು.